ಮುಟ್ಟಿದ್ದೋ, ತಾಗಿದ್ದೋ

ಬದಿಯಡ್ಕ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಿನ್ನೆ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಮೂರನೇ ಕ್ಲಾಸಿನ ಮಗು ಸೆರಗು ಹಿಡಿದು, ಒಬ್ಬ ತನ್ನನ್ನು ಕೆಟ್ಟದಾಗಿ ಮುಟ್ಟಿದ ಅಂತ ಹೇಳಿದರೆ ಯಾವ ಟೀಚರಿಗೂ ಕೈಕಾಲು ತಣ್ಣಗಾಗುತ್ತದೆ. ಆದರೆ ಇವತ್ತೇ ಪೊಲೀಸರಿಗೆ ತಿಳಿಸು. ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಬಹುದು. ಹೆಡ್‌ಮಾಸ್ಟರರಿಗೆ ಹೇಳಿದ್ದೇನಲ್ಲ ಅಂತ ಸುಮ್ನೆ ಕೂರಬೇಡ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾನೂನು ಪೋಕ್ಸೋ ಇದೆಯಲ್ಲ, ಅದರ 19ನೇ ಸೆಕ್ಷನ್ ಪ್ರಕಾರ, ಗೊತ್ತಾದವರೆಲ್ಲ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳ ತನಕ ಜೈಲೂ ಆಗಬಹುದು.

ಆಮೇಲೆ ಒಂದು ಹಾಳೆ ತಗೊಂಡು ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡು. ತುಳುವಿನಲ್ಲಿ ಹೇಳಿದ್ದರೆ ತುಳುವಿನಲ್ಲೇ. ತಾರೀಕು, ಹೊತ್ತು ಹಾಕು. ನಿನ್ನ ವಿವರಣೆ ಬೇಡ.

ನಾನು ಕೋರ್ಟಿನಲ್ಲಿ ಗುಮಾಸ್ತನಾಗಿದ್ದಾಗ ಒಂದು ಕೇಸು ಬಂದಿತ್ತು. ಕನ್ನಡದ ಹುಡುಗಿ "ಮುಟ್ಟಿದರು" ಅಂದಿದ್ದಳು. ಬರೆದುಕೊಂಡವರು ಮಲಯಾಳದಲ್ಲೂ "ಮುಟ್ಟಿ" ಅಂತಲೇ ಇಳಿಸಿದ್ದರು. ನಿನಗೆ ಗೊತ್ತಲ್ವಾ, ಅವರ ಮಾತಿನಲ್ಲಿ ಬಾಗಿಲು ಬಡಿದರೂ "ಮುಟ್ಟಿ", ನಡೆಯುವಾಗ ಭುಜ ತಾಗಿದರೂ "ಮುಟ್ಟಿ". ನಮ್ಮ ಮುಟ್ಟಿದ್ದಕ್ಕೆ ಅವರು "ತೊಟ್ಟು" ಅನ್ನುತ್ತಾರೆ. ಆರೋಪಿಯ ವಕೀಲರು ಆ ಒಂದು ಶಬ್ದ ಹಿಡಿದು, ಬರೀ ತಾಗಿದ್ದು ತಾನೇ ಅಂತ ತನಿಖೆ ಮಾಡಿದವರನ್ನು ಗಂಟೆಗಟ್ಟಲೆ ಜಗ್ಗಿದರು. ಕಾಸರಗೋಡಿನಲ್ಲಿ ಹುಟ್ಟಿದ ನಮಗೆ ಇದು ಹೊಸತಲ್ಲ ಬಿಡು, ರೇಷನ್ ಕಾರ್ಡಿನಿಂದ ಹಿಡಿದು ಇದೇ ಪಾಡು. ಆದರೆ ರೇಷನ್ ಕಾರ್ಡು ತಿದ್ದಬಹುದು.

ಹೇಳಿಕೆಯನ್ನು ಮಗು ಹೇಳಿದ ಹಾಗೆಯೇ ಬರೆಯಬೇಕು ಅಂತ ಕಾನೂನೇ ಹೇಳುತ್ತದೆ. ದುಭಾಷಿಯನ್ನು ಕರೆಸಬಹುದು, ಸಾಧ್ಯವಾದರೆ ವಿಡಿಯೋ ಕೂಡ ಮಾಡಬೇಕು. ಆದರೆ ಕೇಳದೆ ಯಾರೂ ಕರೆಸುವುದಿಲ್ಲ, ಅದು ನಾನು ಕಂಡದ್ದು. ಮಗುವಿನ ತಾಯಿ ಬಾಯಿಬಿಟ್ಟು ಕೇಳಲಿ. ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆಗೂ ಇದೇ ಮಾತು. ಅದಕ್ಕೆ ನಾವು ಹಳೆಯ ಸಿಆರ್‌ಪಿಸಿಯ 164ನೇ ಸೆಕ್ಷನ್ ಅನ್ನುತ್ತಿದ್ದೆವು, 2024ರ ಜುಲೈಯಿಂದ ಹೊಸ ಕಾನೂನಿನಲ್ಲಿ ಅದು 183 ಆಗಿದೆ.

ಮಗುವನ್ನು ಸ್ಟಾಫ್ ರೂಮಿಗೆ ಕರೆದು ಮತ್ತೆ ಮತ್ತೆ ಕೇಳಬೇಡ. ಬೇರೆ ಟೀಚರುಗಳೂ ಕೇಳದ ಹಾಗೆ ನೋಡಿಕೋ. "ಹೀಗೆ ಹೇಳು" ಅಂತ ಯಾರಾದರೂ ಬಾಯಿಪಾಠ ಮಾಡಿಸಿದರೆ, ಹೇಳಿಕೊಟ್ಟ ಸಾಕ್ಷಿ ಅಂತ ಕೇಸೇ ಬಿದ್ದುಹೋದೀತು. ಪೋಕ್ಸೋ ಅಂದಮೇಲೆ ಆರೋಪಿಯೇ ತಾನು ತಪ್ಪಿಲ್ಲ ಅಂತ ತೋರಿಸಬೇಕು ಅಂತ ಜನ ಹೇಳುವುದು ಅರ್ಧ ನಿಜ. 29ನೇ ಸೆಕ್ಷನ್ ಇದೆ, ಸರಿ. ಆದರೆ ಘಟನೆಯ ಅಡಿಪಾಯವನ್ನು ಮೊದಲು ಪ್ರಾಸಿಕ್ಯೂಷನ್ನೇ ಹಾಕಬೇಕು. ಗಾಯ ಇಲ್ಲ, ಕಂಡವರಿಲ್ಲ ಅಂತ ತಾಯಿ ಎದೆಗುಂದದಿರಲಿ. ಮಗುವಿನ ಮಾತು ನಂಬುವಂತಿದ್ದರೆ ಅದೊಂದೇ ಸಾಕಾಗುತ್ತದೆ. ಚರ್ಮಕ್ಕೆ ಚರ್ಮ ತಾಗದಿದ್ದರೆ ಪೋಕ್ಸೋದ ಲೈಂಗಿಕ ದೌರ್ಜನ್ಯ ಆಗದು ಎಂಬ ವಾದವನ್ನೂ ಸುಪ್ರೀಂ ಕೋರ್ಟು 2021ರಲ್ಲಿ ತಳ್ಳಿಹಾಕಿದೆ.

ಕೋರ್ಟಿನಲ್ಲಿ ಮಗು ಆರೋಪಿಯ ಎದುರಿಗೆ ನಿಲ್ಲಬೇಕಾಗಿಲ್ಲ. ವಕೀಲರ ಪ್ರಶ್ನೆಗಳನ್ನೂ ಜಡ್ಜರೇ ಕೇಳುತ್ತಾರೆ.

ಮಗುವಿನ ಹೆಸರು ವಾಟ್ಸಾಪಿಗೆ ಹೋಗದಿರಲಿ. ಶಾಲೆಯ ದಾಖಲಾತಿ ರಿಜಿಸ್ಟರು ಭದ್ರವಾಗಿರಲಿ, ವಯಸ್ಸಿಗೆ ಅದನ್ನೇ ಕೇಳುತ್ತಾರೆ. 12ರ ಕೆಳಗಾದರೆ ಶಿಕ್ಷೆ ಜಾಸ್ತಿ. ನಿನಗೂ ಸಾಕ್ಷಿ ಸಮನ್ಸ್ ಬರುತ್ತದೆ. ಬಂದ ದಿನ ಫೋನ್ ಮಾಡು, ವಿದ್ಯಾನಗರದ ಕೋರ್ಟಿಗೆ ನಾನೂ ಜೊತೆಗೆ ಬರುತ್ತೇನೆ.

ನಿನ್ನ ದೊಡ್ಡಪ್ಪ