ಮಗಳಿಗೊಂದು ಪತ್ರ: ಪರದೆಯನ್ನು ಸ್ವಲ್ಪ ಸರಿಸು

ಪ್ರೀತಿಯ ಪುಟ್ಟಿ,

ಮೊಬೈಲ್ ಪರದೆ ನೋಡಿದರೆ ಕಣ್ಣು ಚುಚ್ಚುತ್ತದೆ ಅಂದಿದ್ದೆಯಲ್ಲ, ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಬಿಳಿ ಹಾಳೆಯೂ ಬೇಡ ಅಂತ ಪ್ರೆಸ್ಸಿನಲ್ಲಿ ಉಳಿದಿದ್ದ ಲಗ್ನಪತ್ರಿಕೆಯ ಕೆನೆಬಣ್ಣದ ಹಾಳೆ ತೆಗೆದುಕೊಂಡೆ. ಅಕ್ಷರ ದಪ್ಪಗೆ ಬರೆದಿದ್ದೇನೆ. ಒಂದೇ ಸಲಕ್ಕೆ ಓದಿ ಮುಗಿಸಬೇಕು ಅಂತೇನಿಲ್ಲ. ಬೇಕಿದ್ದರೆ ಅತ್ತೆ ಕೈಲಿ ಓದಿಸಿಕೋ. ಅವಳ ಬಗ್ಗೆಯೂ ಮುಂದೆ ಒಂದು ಮಾತಿದೆ, ಅದನ್ನೂ ಜೋರಾಗಿಯೇ ಓದಲಿ.

ನಿನ್ನೆ ಫೋನಿನಲ್ಲಿ ಅಳುತ್ತಾ ಕೇಳಿದೆ. "ಅಪ್ಪ, ಮೊದಲಿಗಿಂತ ಮಂಜು ಜಾಸ್ತಿ ಆಗಿದೆ. ಟ್ಯೂಬ್‌ಲೈಟ್ ಹಾಕಿದರೆ ನೀರು ಸುರಿಯುತ್ತೆ. ಮಾಡಿಸಿದ್ದೇ ದಂಡ ಆಯ್ತಾ?"

ನಿನ್ನ ಎಡಗಣ್ಣಿಗೆ ಮಾಡಿಸಿದ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ದಂಡ ಆಗಿಲ್ಲ. ಯಾಕೆ ಅಂತ ಹೇಳುತ್ತೇನೆ. ಸಮಾಧಾನಕ್ಕೆ ಹೇಳುವ ಮಾತು ಅಂದುಕೊಳ್ಳಬೇಡ.

ನೀನು ಪಿಯುಸಿಯಲ್ಲಿದ್ದಾಗ ದಸರಾಕ್ಕೆ ಮೈಸೂರಿಗೆ ಹೋಗಿದ್ದೆವು, ನೆನಪಿದೆಯಾ? ಅರಮನೆಗೆ ದೀಪ ಹಾಕಿದ ಕೂಡಲೇ ಜನ ಎಲ್ಲ ಹೋ ಅಂದರು. ನೀನು ಮಾತ್ರ "ಒಂದೊಂದು ಬಲ್ಬಿಗೂ ಬಾಲ ಇದೆ" ಅಂದೆ. ಆ ಬಾಲ, ಆರು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಕನ್ನಡಕದ ಸಿಲಿಂಡರ್ ನಂಬರು, ಎಲ್ಲ ಸೇರಿ ಕೆರಟೋಕೋನಸ್ ಅಂತ ಆಮೇಲೆ ಗೊತ್ತಾಯಿತು. ಕಣ್ಣಿನ ಮುಂದಿನ ಗಾಜಿನಂಥ ಪದರ, ಕಾರ್ನಿಯಾ, ತೆಳುವಾಗುತ್ತಾ ಮುಂದಕ್ಕೆ ಉಬ್ಬುತ್ತಿತ್ತು. ಮಾಮೂಲಿ ಕಾರ್ನಿಯಾದ ನಡುಭಾಗವೇ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ. ಅದರಲ್ಲೂ ಸವೆದರೆ ಉಳಿಯುವುದೆಷ್ಟು? ಡಾಕ್ಟರು ತೋರಿಸಿದ, ಕಾರ್ನಿಯಾದ ಉಬ್ಬುತಗ್ಗು ಅಳೆಯುವ ಟೊಪೋಗ್ರಫಿ ನಕ್ಷೆಯಲ್ಲಿ ಕೆಳಗಡೆ ಕೆಂಪು ಮಚ್ಚೆ ಇತ್ತಲ್ಲ, ಅದೇ ಉಬ್ಬಿದ ಜಾಗ.

ಆವತ್ತು ಒಳಗೆ ನಿನಗೆ ಮಾಡಿದ್ದನ್ನು ಕೇಳಿದಾಗ ನನಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾನು ದಿನಾ ಮಾಡುವ ಕೆಲಸವೇ ಅದು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಫ್ರೇಮಿನ ಬಟ್ಟೆಗೆ ಎಮಲ್ಷನ್ ಬಳಿದು, ಒಣಗಿಸಿ, ಮೇಲೆ ಫಿಲ್ಮ್ ಇಟ್ಟು ಬೆಳಕಿಗೆ ಹಿಡಿಯುತ್ತೇವೆ. ಬೆಳಕು ತಾಗಿದ ಜಾಗ ಗಟ್ಟಿಯಾಗುತ್ತದೆ, ತಾಗದ ಜಾಗ ನೀರಿಗೆ ತೊಳೆದು ಹೋಗುತ್ತದೆ. ಬರೀ ಬೆಳಕಿದ್ದರೆ ಸಾಲದು, ಎಮಲ್ಷನ್ನಿಗೆ ಸೆನ್ಸಿಟೈಸರ್ ಬೆರೆಸಿರಬೇಕು. ನಿನ್ನ ಕಣ್ಣಿನಲ್ಲಿ ಆ ಸೆನ್ಸಿಟೈಸರ್ ಕೆಲಸ ಮಾಡಿದ್ದು ರೈಬೋಫ್ಲೇವಿನ್. ಹಾಲಿನಲ್ಲಿ, ಮೊಟ್ಟೆಯಲ್ಲಿ ಇರುವ ಬಿ2 ವಿಟಮಿನ್ ಅದೇ. ಆ ಹಳದಿ ಹನಿ ಕಾರ್ನಿಯಾದೊಳಗೆ ಇಳಿದ ಮೇಲೆ ಯುವಿ, ಅಂದರೆ ನೇರಳಾತೀತ, ಬೆಳಕು ಬಿಟ್ಟರು. ಒಳಗಿನ ಕೊಲಾಜೆನ್ ಎಳೆಗಳ ನಡುವೆ ಹೊಸ ಕೊಂಡಿಗಳು ಬಿದ್ದವು. ಪದರ ಬಿಗಿಯಾಯಿತು. ಹಳದಿ ಹನಿಗೆ ಇನ್ನೊಂದು ಕೆಲಸವೂ ಇತ್ತು. ಯುವಿಯನ್ನು ತಾನೇ ಹೀರಿಕೊಂಡು ಕಣ್ಣಿನ ಒಳಭಾಗಕ್ಕೆ ಇಳಿಯದಂತೆ ತಡೆಯುವುದು. ಚಿಕಿತ್ಸೆಗೆ ಮುಂಚೆ ಅಷ್ಟು ಸಲ ದಪ್ಪ ಅಳೆದಿದ್ದೂ ಅದಕ್ಕೇ. ಕನಿಷ್ಠ 400 ಮೈಕ್ರಾನ್, ಅಂದರೆ 0.4 ಮಿಲಿಮೀಟರ್, ಇದ್ದರೆ ಒಳಗಿನ ಪದರಕ್ಕೆ ಧಕ್ಕೆಯಿಲ್ಲ ಅನ್ನುವುದು ಮೊದಲಿನಿಂದ ಬಂದ ಲೆಕ್ಕ.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ 1990ರ ದಶಕದಲ್ಲಿ ಈ ವಿಧಾನ ಶುರುವಾಯಿತು. ರೋಗಿಗಳಲ್ಲಿ ಬಂದ ಮೊದಲ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಅರ್ಧ ಗಂಟೆ ಹನಿ, ಅರ್ಧ ಗಂಟೆ ಬೆಳಕು ಅನ್ನುವ ಕ್ರಮಕ್ಕೆ ಇವತ್ತಿಗೂ ಡ್ರೆಸ್ಡೆನ್ ಹೆಸರೇ ಇದೆ. ಅದಕ್ಕಿಂತ ಮುಂಚೆ ಈ ಕಾಯಿಲೆ ಜಾಸ್ತಿಯಾಗುತ್ತಾ ಹೋದವರಿಗೆ ಅದನ್ನು ತಡೆಯುವ ದಾರಿ ಇರಲಿಲ್ಲ. ಲೆನ್ಸ್ ಹಾಕಿಕೊಂಡು ಕಾಯಬೇಕಿತ್ತು, ಕೆಲವರಿಗೆ ಕೊನೆಗೆ ಕಾರ್ನಿಯಾ ಕಸಿಯೇ ಗತಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ತಲೆಯಲ್ಲಿ ಇಟ್ಟುಕೋ. ಇದು ಕನ್ನಡಕ ಬಿಡಿಸುವ ಆಪರೇಷನ್ ಅಲ್ಲ. ಉಬ್ಬುವುದನ್ನು ನಿಲ್ಲಿಸುವ ಚಿಕಿತ್ಸೆ. ಕೆಲವರಿಗೆ ಉಬ್ಬು ಸ್ವಲ್ಪ ಇಳಿಯುವುದೂ ಉಂಟು, ಆದರೆ ಅದು ಸಿಕ್ಕರೆ ಲಾಭ ಅಷ್ಟೆ. ಕನ್ನಡಕವೋ, ಗಟ್ಟಿ ಲೆನ್ಸೋ, ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸೋ ಆಮೇಲೆ ಬೇಕೇ ಬೇಕಾಗಬಹುದು. ಅಳತೆಗಳು ಮುಂದಿನ ವರ್ಷವೂ ಹೀಗೇ ನಿಂತಿದ್ದರೆ ಗೆದ್ದಂತೆ.

ಈಗ ನಿನ್ನ ಮಂಜಿನ ವಿಷಯಕ್ಕೆ ಬರೋಣ. ಹನಿ ಒಳಗೆ ಇಳಿಯಲಿ ಅಂತ ಕಾರ್ನಿಯಾದ ಮೇಲಿನ ತೆಳು ಪೊರೆಯನ್ನು ಕೆರೆದು ತೆಗೆದಿದ್ದರು. ಮೊದಲ ಎರಡು ಮೂರು ದಿನ ನೀನು ಪಟ್ಟ ಪಾಡು ಅದರದ್ದು. ಇಡೀ ದೇಹದಲ್ಲೇ ನರದ ತುದಿಗಳು ಅಷ್ಟು ಒತ್ತಾಗಿ ಇರುವ ಜಾಗ ಇನ್ನೊಂದು ಸಿಗುವುದು ಕಷ್ಟ. ಅದಕ್ಕೇ ಒಂದು ಧೂಳಿನ ಕಣ ಬಿದ್ದರೂ ನಾವು ಕುಣಿಯುತ್ತೇವೆ. ನಿನಗೆ ಆ ನರಗಳೆಲ್ಲ ಬೆತ್ತಲೆಯಾಗಿದ್ದವು. ಪೊರೆ ಅಂಚಿನಿಂದ ನಡುವಿಗೆ ಬೆಳೆದು ಮುಚ್ಚಿಕೊಂಡಿತು, ಬ್ಯಾಂಡೇಜ್ ಲೆನ್ಸ್ ತೆಗೆದರು, ನೋವು ಇಳಿಯಿತು. ನೋವು ಹೋದ ಕೂಡಲೇ ಎಲ್ಲ ಮುಗಿಯಿತು ಅಂದುಕೊಂಡೆವು. ಒಳಗಿನ ಕೆಲಸ ಇನ್ನೂ ನಡೆಯುತ್ತಿದೆ. ಪೊರೆಯ ಕೆಳಗಿದ್ದ ಜೀವಕೋಶಗಳು ಆ ಬೆಳಕಿಗೆ ಸತ್ತು, ಅಕ್ಕಪಕ್ಕದಿಂದ ಹೊಸವು ನಿಧಾನ ಬಂದು ತುಂಬಿಕೊಳ್ಳಬೇಕು. ಅದಕ್ಕೆ ತಿಂಗಳುಗಳು ಬೇಕು. ಈ ಹೊತ್ತಿನಲ್ಲಿ ಕಾರ್ನಿಯಾ ಸ್ವಲ್ಪ ಮಸುಕಾಗುವುದು ಮಾಮೂಲು. ಮೊದಲ ಒಂದೆರಡು ತಿಂಗಳು ದೃಷ್ಟಿ ಹಿಂದಕ್ಕೆ ಹೋದಂತೆ ಅನ್ನಿಸಿ, ಆಮೇಲೆ ತಿಳಿಯಾಗುತ್ತಾ ಬರುತ್ತದೆ. ಮಸುಕು ಪೂರ್ತಿ ಕರಗಲು ಕೆಲವರಿಗೆ ಆರು ತಿಂಗಳು, ಕೆಲವರಿಗೆ ವರ್ಷ. ನಿನಗೆ ಇನ್ನೂ ತಿಂಗಳೇ ತುಂಬಿಲ್ಲ ಕಣೇ.

ಬೆಳಕು ಚುಚ್ಚುವುದಕ್ಕೂ ಇದೇ ಕಾರಣ. ಮಸುಕಾದ ಪದರದಲ್ಲಿ ಬೆಳಕು ನೇರ ಹೋಗದೆ ಚದುರುತ್ತದೆ. ನರಗಳು ಇನ್ನೂ ಬೆಳೆದು ಬರುತ್ತಿವೆ. ಅದರ ಮೇಲೆ ಕಣ್ಣು ಒಣಗುವುದು ಬೇರೆ.

ಇಲ್ಲಿಗೆ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬಂದೆ. ನಿನ್ನ ರೂಮಿನಲ್ಲಿ ಹಗಲೂ ರಾತ್ರಿ ಪರದೆ ಎಳೆದಿರುತ್ತದಂತೆ. ಒಳಗೂ ಕಪ್ಪು ಕನ್ನಡಕವಂತೆ. ಅತ್ತೆ ಹೇಳಿದಳು. ಮೊದಲ ವಾರ ಅದು ಬೇಕಿತ್ತು, ಸರಿ. ಈಗ ಅದೇ ನಿನಗೆ ತೊಂದರೆ ಕೊಡುತ್ತಿದೆ. ಎಮಲ್ಷನ್ ಬಳಿಯುವ ಕತ್ತಲೆ ಕೋಣೆಯಲ್ಲಿ ಅರ್ಧ ದಿನ ಕೂತು ಮಧ್ಯಾಹ್ನ ಬಾಗಿಲು ತೆಗೆದರೆ ನನ್ನ ನೆಟ್ಟಗಿರುವ ಕಣ್ಣೇ ಬೆಳಕಿಗೆ ಕುರುಡಾಗುತ್ತದೆ. ಕತ್ತಲೆಯಲ್ಲಿ ಅರ್ಧ ಗಂಟೆ ಇದ್ದರೆ ಸಾಕು, ಕಣ್ಣಿನ ಒಳಗಿನ ಪರದೆ, ರೆಟಿನಾ, ಬೆಳಕಿಗೆ ಬಹಳ ಪಟ್ಟು ಸೂಕ್ಷ್ಮವಾಗಿಬಿಡುತ್ತದೆ. ದಿನವಿಡೀ ಕತ್ತಲೆಯಲ್ಲಿ ಇರುವವರಿಗೆ ಸಾಧಾರಣ ಬೆಳಕೂ ಹೊಡೆತವೇ. ಹೊಡೆತ ಅಂತ ಇನ್ನಷ್ಟು ಕತ್ತಲೆ ಮಾಡಿಕೊಂಡರೆ ಅದಕ್ಕೆ ಕೊನೆಯೇ ಇಲ್ಲ.

ಹಾಗಂತ ಧೈರ್ಯ ಮಾಡಿ ಬಿಸಿಲಿಗೆ ನಿಲ್ಲು ಅಂತ ಹೇಳುತ್ತಿಲ್ಲ. ಮನೆಯೊಳಗೆ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಪರದೆಯನ್ನು ಒಂದು ಗೇಣು ಸರಿಸಿ ಕಿಟಕಿಗೆ ಬೆನ್ನು ಹಾಕಿ ಕೂತುಕೋ. ಕಣ್ಣು ಸುಧಾರಿಸಿಕೊಂಡಂತೆ ಇನ್ನೊಂದು ಗೇಣು. ತಲೆ ಮೇಲಿನ ಬಿಳಿ ಟ್ಯೂಬ್‌ಲೈಟ್ ಬೇಡ, ಹಳದಿ ಬಲ್ಬಿನ ಟೇಬಲ್ ದೀಪವನ್ನು ಗೋಡೆಗೆ ತಿರುಗಿಸಿ ಇಡು. ಒಳಗೆ ಕಪ್ಪು ಕನ್ನಡಕ ನಿಧಾನ ಬಿಡು. ಹೊರಗೆ ಹೋಗುವಾಗ ಮಾತ್ರ ತಪ್ಪದೆ ಹಾಕು. ಫುಟ್‌ಪಾತಿನ ಕೂಲಿಂಗ್ ಗ್ಲಾಸ್ ಅಲ್ಲ. ಬರೀ ಕಪ್ಪಗಿದ್ದರೆ ಪಾಪೆ ಅಗಲವಾಗಿ ಯುವಿ ಒಳಗೆ ಹೋಗುತ್ತದೆ. ಯುವಿ 400 ಅಂತ ಇರಬೇಕು, ಪಕ್ಕದಿಂದಲೂ ಮುಚ್ಚಬೇಕು. ಮೇಲೆ ಅಗಲ ಅಂಚಿನ ಟೋಪಿ. ಛತ್ರಿ ಹಿಡಿದರೆ ಬೆಂಗಳೂರಿನವರು ನಗುತ್ತಾರೆ ಅಂತೀಯ, ನಗಲಿ ಬಿಡು.

ಬಸ್ಸಿನಲ್ಲಿ ಪಕ್ಕದ ಹೆಂಗಸು "ಮದ್ರಾಸ್ ಐ ಇದ್ದರೂ ಬಂದುಬಿಡ್ತಾರೆ" ಅಂತ ಗೊಣಗಿ ಎದ್ದು ಹೋದಳು ಅಂತ ಬೇಜಾರು ಮಾಡಿಕೊಂಡೆ. ನನಗೆ ಕೇಳಿ ನಗು ಬಂತು, ಕ್ಷಮಿಸು. ನೆರಳಿನ ಕಡೆಯ ಎರಡು ಸೀಟೂ ನಿನಗೇ ಸಿಕ್ಕಿತಲ್ಲ.

ಫೋನ್, ಲ್ಯಾಪ್‌ಟಾಪ್ ಪೂರ್ತಿ ಬಿಡಲು ಆಗಲ್ಲ, ಗೊತ್ತು. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆ, ಅದಕ್ಕೆ ಒಣಗುತ್ತದೆ. ಅಕ್ಷರ ದೊಡ್ಡದು ಮಾಡು, ಬೆಳಕು ಇಳಿಸು, ಬೇಕು ಅಂತಲೇ ಕಣ್ಣು ಮಿಟುಕಿಸು, ಕಣ್ಣೀರಿನ ಹನಿ ಹೇಳಿದ ಹೊತ್ತಿಗೆ ಹಾಕು. ನೋಟ್ಸನ್ನು ಗೆಳತಿಯರ ಕೈಲಿ ಓದಿಸಿ ರೆಕಾರ್ಡ್ ಮಾಡಿಸಿಕೋ. ಸಂಜೆ ಮೇಲೆ ಸ್ಕೂಟಿ ಮುಟ್ಟಬೇಡ. ಎದುರಿನ ಹೆಡ್‌ಲೈಟು ನಿನಗೀಗ ಬೆಂಕಿಯ ಗುಡ್ಡದಂತೆ ಕಾಣುತ್ತದೆ.

ಸ್ಟೀರಾಯ್ಡ್ ಹನಿಯ ವಿಷಯದಲ್ಲಿ ನಿನ್ನ ಬುದ್ಧಿವಂತಿಕೆ ಬೇಡ. ಹಾಯಾಗುತ್ತದೆ ಅಂತ ಒಂದು ಹನಿ ಜಾಸ್ತಿಯೂ ಹಾಕಬಾರದು, ಸಾಕಾಯಿತು ಅಂತ ನಿಲ್ಲಿಸಲೂಬಾರದು. ಅದು ಕಣ್ಣಿನ ಒತ್ತಡ ಏರಿಸಬಹುದು, ಅದಕ್ಕೇ ಪ್ರತಿ ಸಲ ಒತ್ತಡ ನೋಡುತ್ತಾರೆ. ಮರಗಟ್ಟಿಸುವ ಹನಿಯನ್ನು ಮನೆಗೆ ಯಾಕೆ ಕೊಡಲಿಲ್ಲ ಅಂತ ಆವತ್ತು ರಾತ್ರಿ ರೇಗಿದ್ದೆ. ಅದನ್ನು ಪದೇ ಪದೇ ಹಾಕಿದರೆ ಪೊರೆ ಬೆಳೆಯುವುದೇ ನಿಂತುಹೋಗುತ್ತದಂತೆ.

ಇನ್ನು ಅಜ್ಜಿ. ನಂದಿಬಟ್ಟಲು ಹೂವನ್ನು ರಾತ್ರಿ ನೀರಲ್ಲಿ ನೆನೆಸಿ ಆ ನೀರಲ್ಲಿ ಕಣ್ಣು ತೊಳೆಯಲಿ ಅಂತ ಹಠ ಹಿಡಿದಿದ್ದಾರೆ. ಹರಳೆಣ್ಣೆಯೂ ಪಟ್ಟಿಯಲ್ಲಿದೆ. ಇಲ್ಲ ಅಂದು ಮನಸ್ಸು ನೋಯಿಸಬೇಡ. ಹೂವು ಕಳಿಸಿದರೆ ದೇವರಿಗೆ ಏರಿಸಿಬಿಡು. ಕಣ್ಣಿಗೆ ನಲ್ಲಿ ನೀರೂ ಬೀಳಬಾರದು ಅಂದಿರುವಾಗ ಹೂವಿನ ನೀರು ಎಲ್ಲಿಂದ? ತಲೆ ಸ್ನಾನ ಮಾಡುವಾಗ ಹಿಂದಕ್ಕೆ ಬಾಗು, ಅತ್ತೆ ನೀರು ಹಾಕಲಿ. ಸೀಗೆಕಾಯಿ, ಕಾಡಿಗೆ, ಒಗ್ಗರಣೆಯ ಮೆಣಸಿನ ಘಾಟು, ಇವುಗಳಿಂದ ದೂರ ಇರು.

ಅತ್ತೆಯ ಮಾತು. "ಕಣ್ಣಿನ ವಿಷಯ ಯಾರಿಗೂ ಹೇಳಬೇಡಿ, ನಾಳೆ ಸಂಬಂಧ ನೋಡುವಾಗ ಕಷ್ಟ" ಅಂತ ನಿನ್ನ ಅಮ್ಮನ ಕಿವಿಯಲ್ಲಿ ಹೇಳಿದ್ದಾಳೆ. ನಿನ್ನನ್ನು ಮಗುವಿನಂತೆ ನೋಡಿಕೊಳ್ಳುತ್ತಿರುವವಳು, ಅದರ ಋಣ ದೊಡ್ಡದು. ಆದರೂ ಈ ಮಾತು ನನಗೆ ಒಪ್ಪಿಗೆಯಿಲ್ಲ. ಕೇಳಿದವರಿಗೆ ಕೆರಟೋಕೋನಸ್ ಅಂತಲೇ ಹೇಳು. ಮುಚ್ಚಿಡುವಂಥದ್ದು ಏನಾಗಿದೆ? ಕಾಲೇಜಿನಲ್ಲೂ ಹೇಳಿದ್ದರೆ ನಿನ್ನನ್ನು ಕಿಟಕಿ ಪಕ್ಕದ ಬೆಂಚಿನಿಂದ ಎಬ್ಬಿಸಿ ಬೇರೆ ಕಡೆ ಕೂರಿಸುತ್ತಿದ್ದರು.

ದಿನಾ ಸ್ವಲ್ಪ ಸ್ವಲ್ಪ ಬೆಳಕು ಹೊಂದಿಕೊಳ್ಳುತ್ತಾ ಬಂದರೆ ಸರಿದಾರಿಯಲ್ಲಿದೆ ಅಂತ ತಿಳಿ. ಆದರೆ ಸುಧಾರಿಸಿದ್ದ ಕಣ್ಣು ಇದ್ದಕ್ಕಿದ್ದಂತೆ ಕೆಂಪಗಾಗಿ ನೋಯಲು ಶುರುವಾದರೆ, ಗೀಜು ಬಂದರೆ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡರೆ, ದೃಷ್ಟಿ ಒಮ್ಮೆಲೇ ಇಳಿದರೆ, ಬೆಳಗಾಗಲಿ ಅಂತ ಕಾಯಬೇಡ. ಅದು ಸೋಂಕು ಇರಬಹುದು. ರಾತ್ರಿ ಎಷ್ಟೊತ್ತಾದರೂ ಆಸ್ಪತ್ರೆಯ ತುರ್ತು ನಂಬರಿಗೆ ಫೋನ್ ಮಾಡಿ ಹೊರಡಿ. ನನಗೆ ಆಟೋದಲ್ಲಿ ಕೂತ ಮೇಲೆ ಹೇಳಿದರೆ ಸಾಕು.

ಬಲಗಣ್ಣಿನ ಯೋಚನೆ ಈಗ ಬೇಡ. ಅದರ ಅಳತೆ ಬದಲಾಗುತ್ತಿದೆಯಾ ಇಲ್ಲವಾ ಅನ್ನುವುದರ ಮೇಲೆ ಡಾಕ್ಟರು ಹೇಳುತ್ತಾರೆ. ಮಾಡಬೇಕು ಅಂದರೆ ಆವಾಗ ಹೆದರಿಕೊಂಡೇ ಮಾಡಿಸೋಣ. ಹೆದರಬೇಡ ಅಂತ ನಾನು ಹೇಳಿದರೆ ನೀನು ನಂಬಲ್ಲ, ಆ ಮೊದಲ ರಾತ್ರಿ ಕಂಡ ಮೇಲೆ ನಾನೂ ನಂಬಲ್ಲ. ಅಲ್ಲಿಯವರೆಗೆ ಎರಡು ಕಣ್ಣನ್ನೂ ಉಜ್ಜಬೇಡ. ಅಲರ್ಜಿ ತುರಿಕೆ ಬಂದರೆ ಹನಿ ಹಾಕು, ಮುಚ್ಚಿದ ರೆಪ್ಪೆ ಮೇಲೆ ತಣ್ಣಗಿನ ಒಣಬಟ್ಟೆ ಸುಮ್ನೆ ಇಡು, ಒತ್ತಬೇಡ. ಉಜ್ಜಿ ಉಜ್ಜಿ ಈ ಕಾಯಿಲೆ ಜಾಸ್ತಿಯಾಗಬಹುದು. ಮಲಗುವಾಗ ಮುಖ ಅಡಿ ಮಾಡಿ ದಿಂಬಿಗೆ ಒತ್ತುವ ನಿನ್ನ ಅಭ್ಯಾಸವೂ ಹೋಗಲಿ.

ನಿನ್ನ ತಮ್ಮನೂ ಧೂಳಿನ ದಿನಗಳಲ್ಲಿ ಕಣ್ಣುಜ್ಜುತ್ತಾನೆ. ಒಡಹುಟ್ಟಿದವರಿಗೂ ಬರಬಹುದು ಅಂತ ಡಾಕ್ಟರು ಹೇಳಿದ್ದರಿಂದ ಅವನ ಟೊಪೋಗ್ರಫಿಯನ್ನೂ ಮಾಡಿಸಬೇಕು. ಮುಂದಿನ ಚೆಕಪ್ಪಿಗೆ ಅರಸೀಕೆರೆಯಿಂದ ಬೆಳಗಿನ ರೈಲಿಗೆ ಅವನನ್ನೂ ಕರೆದುಕೊಂಡು ಬರುತ್ತೇನೆ. ನಿನ್ನ ಹಳೇ ನಕ್ಷೆಗಳ ಫೈಲು ಅತ್ತೆಯ ಬೀರುವಿನಲ್ಲಿದೆ, ಹುಡುಕಿಡು. ಡಾಕ್ಟರಿಗೆ ಕೇಳಬೇಕಾದ್ದನ್ನೆಲ್ಲ ಅತ್ತೆಗೆ ಹೇಳಿ ದಪ್ಪ ಅಕ್ಷರದಲ್ಲಿ ಬರೆಸಿಡು, ಅಲ್ಲಿ ಹೋದ ಮೇಲೆ ನಮಗಿಬ್ಬರಿಗೂ ಒಂದೂ ನೆನಪಾಗಲ್ಲ. ಗುಲಾಬಿ ಛಾಯೆಯ ಕನ್ನಡಕ ಕೆಲವರಿಗೆ ಬೆಳಕು ತಡೆಯಲು ಹಿತ ಅಂತ ಕೇಳಿದ್ದೇನೆ. ಅದನ್ನೂ ಪಟ್ಟಿಗೆ ಸೇರಿಸು.

ನಿನ್ನ
ಅಪ್ಪ