ಸಾರ್ ಅಂದೆಯಲ್ಲೋ ಛತ್ರಿ

ಲೋ ಛತ್ರಿ,

ಫೋನ್ ಮಾಡಿದರೆ ನೀನು ಮಾತು ತಿರುಗಿಸುತ್ತೀಯ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನ ನೋಡಲಿ ಅಂತಲೂ ಇರಬಹುದು, ನನ್ನ ಬುದ್ಧಿ ನಿನಗೆ ಗೊತ್ತೇ ಇದೆ. ನೀಲಿ ಸೈಕಲ್ಲಿನ ವಿಷಯ ನಾನು ಎತ್ತುವುದಿಲ್ಲ, ನೀನೂ ಎತ್ತಬೇಡ. ಉಳಿದವರು ಕೇಳಬೇಡಿ, ಹೇಳುವುದಿಲ್ಲ.

ಹೋದ ವಾರ ನಾನು ಹಾಕಿದ್ದನ್ನು ಓದಿದೆ ತಾನೇ? ದೊಡ್ಡವರ ಸಮಾರಂಭ ಬಿಟ್ಟು, ನೀನು ಮನೆ ಬದಲಿಸುವಾಗ ನಾನು ಗಂಟುಮೂಟೆ ಹೊರಲು ಬಂದೆ, ಕುರ್ಚಿ ಇವತ್ತು ಇರುತ್ತದೆ ನಾಳೆ ಹೋಗುತ್ತದೆ, ಗೆಳೆಯ ಹಾಗಲ್ಲ, ಅಂತೆಲ್ಲ ಬರೆದಿದ್ದೆ. ಜನ ಮೆಚ್ಚಿದ್ದೇ ಮೆಚ್ಚಿದ್ದು. ಒಬ್ಬರಂತೂ ನನ್ನನ್ನು ಕರ್ಣ ಅಂದರು. ಅದಕ್ಕೊಂದು ಲೈಕ್ ಒತ್ತಿ ಮಲಗಿದೆ.

ನಿದ್ದೆ ಬರಲಿಲ್ಲ ಕಣೋ.

ಕರ್ಣನ ಮುಂದೆ ಕೃಷ್ಣ ಇಟ್ಟದ್ದು ಸಣ್ಣ ಆಸೆಯಲ್ಲ. ನೀನು ಸೂತನ ಮಗನಲ್ಲ, ಕುಂತಿಯ ಹಿರಿಮಗ, ಬಂದುಬಿಡು, ಪಾಂಡವರು ಐವರೂ ನಿನ್ನ ಕಾಲಿಗೆ ಬೀಳುತ್ತಾರೆ, ರಾಜ್ಯವೂ ನಿನ್ನದೇ ಅಂದ. ಕುಲ ಯಾವುದು ಅಂತ ಕೇಳಿಸಿಕೊಂಡೇ ಬೆಂದುಹೋಗಿದ್ದವನಿಗೆ ಕುಲವನ್ನೇ ತಂದು ಕೈಗಿಟ್ಟ ಹಾಗೆ. ಅವನು ಬೇಡ ಅಂದ, ತನ್ನ ಕಡೆಯವರು ಸೋಲುತ್ತಾರೆ ಅಂತ ಗೊತ್ತಿದ್ದೂ. ದುರ್ಯೋಧನ ಒಳ್ಳೆಯವನಾ ಕೆಟ್ಟವನಾ ಅನ್ನುವುದು ಬೇರೆ ಜಗಳ. ತುಂಬಿದ ಸಭೆಯಲ್ಲಿ ಎಲ್ಲರೂ ಕುಲ ಕೇಳುತ್ತಿದ್ದಾಗ ಅಂಗರಾಜ್ಯ ಕೊಟ್ಟು ಪಕ್ಕದಲ್ಲಿ ನಿಂತವನು ಅವನೇ ಅಲ್ವಾ.

ಇದೇ ಮಹಾಭಾರತದಲ್ಲಿ ದ್ರುಪದನೂ ಇದ್ದಾನೆ. ಒಟ್ಟಿಗೆ ಓದಿದ ದ್ರೋಣ ಬಡವನಾಗಿ ಬಂದು ಗೆಳೆಯಾ ಅಂದರೆ, ಸ್ನೇಹ ಅನ್ನುವುದು ಸರಿಸಮಾನರ ನಡುವೆ ಕಣಯ್ಯಾ ಅಂದುಬಿಟ್ಟವನು. ಗೆಳೆತನದ ಮಾತು ಬಂದಾಗ ನಾವೆಲ್ಲ ಕರ್ಣನನ್ನೇ ನೆನೆಯುತ್ತೇವೆ. ದ್ರುಪದ ನಾನು ಅಂತ ಯಾರೂ ಹೇಳಿಕೊಳ್ಳುವುದಿಲ್ಲ.

ಮೊನ್ನೆ ಲಿಫ್ಟಿನಲ್ಲಿ ನೀನು ಸಿಕ್ಕಾಗ ನನ್ನ ಜೊತೆ ನಮ್ಮ ಮೇಲಧಿಕಾರಿ ಇದ್ದರು. ನೀನು ಹೆಗಲಿಗೆ ಟೂಲ್ ಬ್ಯಾಗ್ ಹಾಕಿಕೊಂಡು ಪೂರ್ತಿ ಬೆವತಿದ್ದೆ. ಯಾರು ಅಂತ ಅವರು ಕೇಳಿದರು. ನಾನು ಅಂದೆ, ‘ಇವರು ನನ್ನ ಪರಿಚಯದವರು.’ ಇವರು! 22 ವರ್ಷ ಲೋ, ಬಾರೋ, ಹೋಗೋ ಅಂದುಕೊಂಡು ಬಂದವನಿಗೆ ಬಹುವಚನ. ಮರ್ಯಾದೆ ಕೊಟ್ಟೇ ಒಬ್ಬನನ್ನು ಎಷ್ಟು ದೂರ ತಳ್ಳಬಹುದು ಅಂತ ಅವತ್ತೇ ಗೊತ್ತಾಯಿತು. ನಿನಗೆ ಅರ್ಥವಾಗದೇ ಇರುತ್ತದೆಯೇ? ನಿನ್ನ ಮಹಡಿ ಬಂದಾಗ ತಣ್ಣಗೆ ‘ಬರ್ತೀನಿ ಸಾರ್’ ಅಂದು ಇಳಿದುಹೋದೆ. ತಮಾಷೆಗೆ ಅಂದೆಯೋ, ನನ್ನ ಮಾನ ಉಳಿಸೋಕೆ ಅಂದೆಯೋ, ಇನ್ನೂ ಗೊತ್ತಾಗಿಲ್ಲ. ಎರಡನೆಯದಾಗಿದ್ದರೆ ಹೇಳಬೇಡ.

ಇಷ್ಟು ಹೇಳಿ ನಿಲ್ಲಿಸೋಣ ಅಂತಿದ್ದೆ. ಆದರೆ ಆ ಸಮಾರಂಭದ ವಿಷಯವೂ ಇದೆ. ನಾನು ಅದನ್ನು ಬಿಟ್ಟು ಬರಲಿಲ್ಲ ಕಣೋ. ಹೋಗಿದ್ದೆ. ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡೇ ಹೋಗಿದ್ದೆ. ಮುಂದಿನ ಎರಡು ಸಾಲಿನ ಕುರ್ಚಿಗಳ ಮೇಲೆ ಹೆಸರು ಅಂಟಿಸಿದ್ದರು, ಎರಡು ಸಲ ಓದಿದೆ, ನನ್ನದಿರಲಿಲ್ಲ. ಹಿಂದೆ ಜಾಗ ಇದೆ ನೋಡಿ ಅಂತ ಒಬ್ಬ ಹುಡುಗ ಕೈ ತೋರಿಸಿದ. ಆಗ ನಿನ್ನ ನೆನಪಾಯಿತು. ಹೆಸರು ಇದ್ದಿದ್ದರೆ? ಸಂಜೆವರೆಗೂ ಅಲ್ಲೇ ಕೂತಿರುತ್ತಿದ್ದೆ, ನಿನ್ನ ಬೀರು ನೀನೇ ಹೊರಬೇಕಿತ್ತು.

ಅಂಥ ಶರ್ಟಿನಲ್ಲಿ ಯಾಕೆ ಬಂದೆ ಅಂತ ನೀನು ಕೇಳಲೂ ಇಲ್ಲ. ಒಂದು ಹಳೇ ಬನಿಯನ್ ಎಸೆದು, ಇದು ಹಾಕ್ಕೊ, ಕೊಳೆಯಾಗುತ್ತೆ ಅಂದೆ, ಅಷ್ಟೇ.

ಸರಿ, ಜಾಸ್ತಿಯಾಯಿತು. ಇದನ್ನು ಅಳಿಸಬೇಕು ಅಂತ ಕೈ ತುರಿಸುತ್ತಿದೆ. ದ್ರೋಣ ಆಮೇಲೆ ಶಿಷ್ಯರ ಕೈಲಿ ದ್ರುಪದನನ್ನು ಹಿಡಿದು ತರಿಸಿ, ಅರ್ಧ ರಾಜ್ಯ ಇಟ್ಟುಕೊಂಡು, ಈಗ ನಾವು ಸಮಾನರು ಅಂದನಂತೆ. ನಿನಗೂ ಬೇಕಿದ್ದರೆ ನನ್ನದರಲ್ಲಿ ಅರ್ಧ ತಗೋ. ಮನೆ ಸಾಲದ ಅರ್ಧ ಕಂತೂ ಜೊತೆಗೇ ಬರುತ್ತದೆ, ಯೋಚನೆ ಮಾಡು.

ಬನಿಯನ್ ಒಗೆದಿಟ್ಟಿದ್ದೇನೆ. ವಾಪಸ್ ಕೊಡಲ್ಲ.

ನಿನ್ನ,
ಸಾರ್