ಯೀಸ್ಟಿಗೆ ಏನು ಬಡಿಸುವುದು?

ಪ್ರೀತಿಯ ಪುಟ್ಟಿ,

ಯೀಸ್ಟ್ ಬೆಳೆಸಲು ಎಲ್ಲಕ್ಕಿಂತ ಒಳ್ಳೆಯ ಮೀಡಿಯಾ, ಅಂದರೆ ಅದಕ್ಕೆ ಬಡಿಸುವ ಪೋಷಕಾಂಶಗಳ ಮಿಶ್ರಣ, ಯಾವುದು ಎಂದು ಕೇಳಿದ್ದೀಯೆ. ಲ್ಯಾಬಿಗೆ ಮೀಡಿಯಾ ತಯಾರಿಸುವ ರೂಮಿನಲ್ಲೇ ತಲೆ ನರೆತವನನ್ನು ಹೀಗೆ ಕೇಳಿದರೆ ಒಂದು ಸಾಲಿನ ಉತ್ತರ ಬಾರದು. ಮೊದಲು ನೀನು ಹೇಳು: ಯೀಸ್ಟ್ ಸುಮ್ಮನೆ ಬೆಳೆದರೆ ಸಾಕೋ, ಅದರಿಂದ ಏನಾದರೂ ತಿಳಿಯಬೇಕೋ?

ಬೆಳೆದರೆ ಸಾಕು ಎಂದಾದರೆ ವೈಪಿಡಿ. ಲೀಟರಿಗೆ 10 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, 20 ಗ್ರಾಂ ಪೆಪ್ಟೋನ್ (ಅರೆಜೀರ್ಣವಾದ ಪ್ರೋಟೀನ್), 20 ಗ್ರಾಂ ಗ್ಲೂಕೋಸ್. ಪ್ಲೇಟಿಗಾದರೆ ಮೇಲಿಂದ ಗಟ್ಟಿಯಾಗಿಸಲು 20 ಗ್ರಾಂ ಅಗರ್. 30 ಡಿಗ್ರಿಯಲ್ಲಿ ಶೇಕರಿಗೆ ಹಾಕಿದರೆ ಹೆಚ್ಚುಕಡಿಮೆ 90 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಸಂಜೆ ಹಾಕಿದ ಫ್ಲಾಸ್ಕ್ ಬೆಳಿಗ್ಗೆ ಮಜ್ಜಿಗೆಯಂತೆ ಬೆಳ್ಳಗಾಗಿರುತ್ತದೆ.

ಆದರೆ ನಿನ್ನ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲವಲ್ಲ. ನಿನ್ನ ತಳಿಗೆ ಆರ್‌ಎನ್‌ಎಗೆ ಬೇಕಾದ ಯುರಾಸಿಲ್ ಎಂಬ ಘಟಕವನ್ನು ತಯಾರಿಸಲು ಬಾರದು. ಆ ಕೊರತೆಯನ್ನು ತುಂಬುವ ಯುಆರ್‌ಎ3 ಜೀನ್ ಪ್ಲಾಸ್ಮಿಡ್‌ನಲ್ಲಿದೆ, ಅಂದರೆ ಕೋಶದೊಳಗೆ ಸೇರಿಸಿದ ಸಣ್ಣ ಡಿಎನ್‌ಎ ಉಂಗುರದಲ್ಲಿದೆ. ವೈಪಿಡಿಯಲ್ಲಿ ಯುರಾಸಿಲ್ ಬೇಕಾದಷ್ಟಿರುತ್ತದೆ. ಕುಳಿತಲ್ಲೇ ಸಿಗುವಾಗ ಪ್ಲಾಸ್ಮಿಡ್ಡಿನ ಹೊರೆ ಯಾರಿಗೆ ಬೇಕು? ಪೀಳಿಗೆ ಉರುಳಿದಂತೆ ಅದನ್ನು ಕಳೆದುಕೊಂಡ ಕೋಶಗಳೇ ಹೆಚ್ಚುತ್ತವೆ. ಹೊರಗಿನಿಂದ ನೋಡಿದರೆ ಭರ್ಜರಿ ಬೆಳೆ, ಒಳಗೆ ನಿನಗೆ ಬೇಕಾದ ಕೋಶಗಳಿಗೇ ಬರ.

ಹಾಗಾಗಿ ನಿನಗೆ ಬೇಕಾದದ್ದು ಯುರಾಸಿಲ್ ಬಿಟ್ಟ ಸಿಂಥೆಟಿಕ್ ಮೀಡಿಯಾ. ಯೀಸ್ಟ್ ನೈಟ್ರೋಜನ್ ಬೇಸ್ (ಲವಣ, ವಿಟಮಿನ್‌ಗಳ ಪುಡಿ), ಗ್ಲೂಕೋಸ್, ಯುರಾಸಿಲ್ ಬಿಟ್ಟು ಅಮೈನೋ ಆಮ್ಲ ಮುಂತಾದವುಗಳಿರುವ ಡ್ರಾಪ್‌ಔಟ್ ಪುಡಿ. ಇಲ್ಲಿ ಡಬ್ಬಿಯ ಲೇಬಲ್ಲನ್ನು ಕಣ್ಣಿಟ್ಟು ಓದು. ಅಮೈನೋ ಆಮ್ಲವಿಲ್ಲದ ಬೇಸ್ ಎರಡು ಬಗೆಯಲ್ಲಿ ಬರುತ್ತದೆ. ಅಮೋನಿಯಂ ಸಲ್ಫೇಟ್ ಸೇರಿಸಿದ್ದಾದರೆ ಲೀಟರಿಗೆ 6.7 ಗ್ರಾಂ ತೂಗಬೇಕು. ಸೇರಿಸದೇ ಇದ್ದರೆ 1.7 ಗ್ರಾಂ ಸಾಕು, ಆದರೆ 5 ಗ್ರಾಂ ಅಮೋನಿಯಂ ಸಲ್ಫೇಟನ್ನು ನೀನೇ ಹಾಕಬೇಕು. ಎರಡೂ ಡಬ್ಬಿ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ, ಪುಡಿಯ ಬಣ್ಣವೂ ಏನನ್ನೂ ಹೇಳುವುದಿಲ್ಲ. ಈ ಮೀಡಿಯಾದಲ್ಲಿ ಬೆಳವಣಿಗೆ ವೈಪಿಡಿಗಿಂತ ನಿಧಾನ. ಬೆಳಿಗ್ಗೆ ಫ್ಲಾಸ್ಕ್ ತೆಳ್ಳಗಿದ್ದರೆ ಗಾಬರಿಯಾಗಬೇಡ.

ಗ್ಲೂಕೋಸನ್ನು ಬೇರೆ ಬಾಟಲಿಯಲ್ಲಿ ಆಟೊಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಂದು), ಆಮೇಲೆ ಬೆರೆಸು. ಪೆಪ್ಟೋನ್ ಜೊತೆಗೇ 121 ಡಿಗ್ರಿಗೆ ಏರಿಸಿದರೆ ಸಕ್ಕರೆ, ಅಮೈನೋ ಆಮ್ಲಗಳು ಕೂಡಿ ಮೀಡಿಯಾ ಕಂದಾಗುತ್ತದೆ. ಯೀಸ್ಟ್ ಅದನ್ನೂ ತಿನ್ನುತ್ತದೆ ನಿಜ, ಆದರೆ ಪ್ರತಿ ಬ್ಯಾಚೂ ಒಂದೊಂದು ಬಣ್ಣಕ್ಕೆ ಬಂದರೆ ನಿನ್ನ ಅಳತೆಗಳನ್ನು ನಂಬುವವರು ಯಾರು?

ಕೊಡದೇ ಇರುವುದರಿಂದಲೇ ತಿಳಿಯುವುದು ಇನ್ನೂ ಇದೆ. ಗ್ಲೂಕೋಸಿನ ಬದಲು ಗ್ಲಿಸರಾಲ್ ಹಾಕು. ಯೀಸ್ಟ್ ಗ್ಲೂಕೋಸನ್ನು ಹುದುಗಿಸಿಯೂ ಬದುಕಬಲ್ಲದು, ಗ್ಲಿಸರಾಲನ್ನು ಬಳಸಲು ಉಸಿರಾಡಲೇಬೇಕು, ಅಂದರೆ ಮೈಟೊಕಾಂಡ್ರಿಯಾ ಸರಿಯಿರಬೇಕು. ವೈಪಿಡಿ ಪ್ಲೇಟಿನ ಮೇಲೆ ಕುಳ್ಳಗೆ ಉಳಿದ ಕಾಲೊನಿ ಗ್ಲಿಸರಾಲ್ ಪ್ಲೇಟಿನ ಮೇಲೆ ಬಾರದಿದ್ದರೆ ಅದು ‘ಪೆಟೀಟ್’, ಉಸಿರಾಡಲು ಬಾರದ ಕುಳ್ಳ. ಫ್ರಾನ್ಸಿನಲ್ಲಿ ತಳಿವಿಜ್ಞಾನಿ ಬೋರಿಸ್ ಎಫ್ರುಸಿ 1940ರ ದಶಕದ ಕೊನೆಯಲ್ಲಿ ಇಂಥ ಕುಳ್ಳ ಕಾಲೊನಿಗಳ ಬೆನ್ನು ಹತ್ತಿಯೇ ನ್ಯೂಕ್ಲಿಯಸ್ಸಿನ ಆಚೆಗೂ ಆನುವಂಶಿಕತೆಯಿದೆ ಎಂದು ತೋರಿಸಿದ್ದು. ಇಷ್ಟಾದರೂ ಎಷ್ಟೋ ಜನ ವೈಪಿಡಿ ಒಂದನ್ನೇ ನೆಚ್ಚಿಕೊಂಡಿರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಮುಂದೆ ಕ್ಯಾನ್‌ಎಂಎಕ್ಸ್ ಮಾರ್ಕರಿಗೆ, ಅಂದರೆ ಜಿ418 ಎಂಬ ಆಂಟಿಬಯಾಟಿಕ್ಕನ್ನು ತಾಳುವ ಶಕ್ತಿ ಕೊಡುವ ಜೀನಿಗೆ, ಜಿ418 ಬಳಸುವ ಸರದಿ ಬಂದಾಗ ನೆನಪಿರಲಿ, ಸಿಂಥೆಟಿಕ್ ಮೀಡಿಯಾದ ಅಮೋನಿಯಂ ಸಲ್ಫೇಟ್ ಆ ಔಷಧದ ಕೆಲಸಕ್ಕೆ ಅಡ್ಡಬರುತ್ತದೆ. ಅದರ ಜಾಗಕ್ಕೆ ಲೀಟರಿಗೆ 1 ಗ್ರಾಂ ಮಾನೊಸೋಡಿಯಂ ಗ್ಲುಟಮೇಟ್ ಹಾಕುತ್ತಾರೆ. ಹೌದು, ಗೋಬಿ ಮಂಚೂರಿಗೆ ಉದುರಿಸುವ ಟೇಸ್ಟಿಂಗ್ ಪೌಡರೇ. ಹಾಗೆಂದು ಅಂಗಡಿಯಿಂದ ತರಬೇಡ.

ದ್ರಾಕ್ಷಿಯಿಂದ ಯೀಸ್ಟ್ ಹಿಡಿಯಹೊರಟ ನಿನ್ನ ಗೆಳತಿಯ ಕಥೆಯೇ ಬೇರೆ. ಹಣ್ಣಿನ ಮೇಲೆ ಬ್ಯಾಕ್ಟೀರಿಯಾ, ಬೂಷ್ಟು ಎಲ್ಲವೂ ಇರುತ್ತವೆ. ಮಾಲ್ಟ್ ಎಕ್ಸ್‌ಟ್ರಾಕ್ಟ್ ಅಗರ್‌ಗೆ ಕ್ಲೋರಾಂಫೆನಿಕಾಲ್ ಎಂಬ ಆಂಟಿಬಯಾಟಿಕ್ ಸೇರಿಸಿಕೊಳ್ಳಲಿ. ಬ್ಯಾಕ್ಟೀರಿಯಾ ಹಿಂದೆ ಬೀಳುತ್ತವೆ. ಬ್ಯಾಕ್ಟೀರಿಯಾ ತಡೆಯಲು ಆಮ್ಲ ಹಾಕುವುದಾದರೆ ಆಟೊಕ್ಲೇವ್ ಆದ ಮೇಲೆ. ಹುಳಿಯಲ್ಲಿ ಕುದಿದ ಅಗರ್ ಗಟ್ಟಿಯಾಗುವುದಿಲ್ಲ. ಮಾಗಿದ ದ್ರಾಕ್ಷಿಯ ಸಿಪ್ಪೆಯ ಮೇಲೆ ಬ್ರೆಡ್ಡಿನ ಯೀಸ್ಟ್ ಬಲು ಅಪರೂಪ. ಮೊದಲು ಸಿಗುವುದು ನಿಂಬೆಕಾಯಿಯಾಕಾರದ ಹ್ಯಾನ್ಸೆನಿಯಾಸ್ಪೋರಾ ಎಂಬ ಬೇರೊಂದು ಯೀಸ್ಟ್. ಮೈಕ್ರೋಸ್ಕೋಪಿನಲ್ಲಿ ಅದು ಕಂಡರೆ ಪ್ಲೇಟು ಕೆಟ್ಟಿತೆಂದು ಎಸೆಯುವುದು ಬೇಡ ಎಂದು ಹೇಳು.

ನೀನು ಮಾತ್ರ ಪ್ರಯೋಗಕ್ಕೆ ಇಳಿಯುವ ಮೊದಲು ಇಷ್ಟು ಮಾಡು. ಈಗಿರುವ ಕಲ್ಚರನ್ನು ತೆಳುಗೊಳಿಸಿ, ಒಂದೇ ಡೈಲ್ಯೂಷನ್ನಿನಿಂದ ಒಂದೇ ಅಳತೆಯಲ್ಲಿ ವೈಪಿಡಿಗೂ ಯುರಾಸಿಲ್ ಬಿಟ್ಟ ಪ್ಲೇಟಿಗೂ ಹರಡು. ಎರಡು ಮೂರು ದಿನ ಬಿಟ್ಟು ಕಾಲೊನಿ ಎಣಿಸು. ಮೊದಲಿನದರಲ್ಲಿ ಇನ್ನೂರು, ಎರಡನೆಯದರಲ್ಲಿ ನಲವತ್ತು ಬಂದರೆ, ಐದರಲ್ಲಿ ಒಂದು ಪಾಲು ಕೋಶಗಳಲ್ಲಿ ಮಾತ್ರ ಪ್ಲಾಸ್ಮಿಡ್ ಉಳಿದಿದೆ ಎಂದರ್ಥ. ಎಣಿಕೆ ಎಷ್ಟೇ ಬರಲಿ, ನೇರವಾಗಿ ನನಗೇ ಫೋನ್ ಮಾಡು. ಅಮ್ಮನ ಫೋನಿಗೆ ಮಾಡಿದರೆ ನಿನ್ನ ಊಟದ ವಿಚಾರಣೆ ಮುಗಿದ ಮೇಲಷ್ಟೇ ಯೀಸ್ಟಿನ ಊಟದ ಸರದಿ.

ನಿನ್ನ
ಅಪ್ಪ